ಕೋಲಾರದ ಹಲ್ಲು, ಸ್ವೀಡನ್ನಿನ ಸೂತ್ರ

ಕೆರೆಯಲ್ಲೋ ರೈಲು ಹಳಿಯ ಪಕ್ಕದಲ್ಲೋ ಗುರುತು ಸಿಗದ ಶವ ಸಿಕ್ಕರೆ ಪೊಲೀಸ್ ಪ್ರಕಟಣೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ‘ವಯಸ್ಸು ಸುಮಾರು 45’. ಈ ‘ಸುಮಾರು’ ಹತ್ತು ವರ್ಷ ತಪ್ಪಿದರೆ ಹುಡುಕುತ್ತಿರುವ ಮನೆಯವರೇ ಅದನ್ನು ಓದಿ, ನಮ್ಮವರಲ್ಲವೆಂದು ಪುಟ ತಿರುವುತ್ತಾರೆ. ದೇಹ ಕೊಳೆತಿದ್ದರೆ ವಯಸ್ಸು ಹೇಳಲು ಉಳಿಯುವುದು ಮೂಳೆ ಮತ್ತು ಹಲ್ಲು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಹಲ್ಲನ್ನು ಮಾತ್ರ ಹುಷಾರಾಗಿ ಓದಬೇಕು. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಬತ್ತಿತು, ಬೋರ್‌ವೆಲ್ ಸಾವಿರ ಅಡಿ ದಾಟಿತು, ಬಂಡೆಯ ಸಂದಿಯ ನೀರಿನ ಜೊತೆ ಫ್ಲೋರೈಡೂ ಮೇಲೆ ಬಂತು. ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ಎನ್ನುವುದು ಭಾರತೀಯ ಮಾನಕದ ಮಿತಿ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಪಟ್ಟೆ, ಕಂದು ಕಲೆ. ತೀವ್ರವಾದರೆ ಎನಾಮಲ್ ಗುಳಿಬಿದ್ದು ಚಕ್ಕೆ ಏಳುತ್ತದೆ.

ಸ್ವೀಡನ್ನಿನ ಗುಸ್ಟಾಫ್‌ಸನ್ 1950ರಲ್ಲಿ ಕೊಟ್ಟ ವಿಧಾನ ಇಂದಿಗೂ ಪಠ್ಯಪುಸ್ತಕದಲ್ಲಿದೆ. ಹಲ್ಲಿನ ಸವೆತ, ವಸಡಿನ ಇಳಿತ, ಒಳಗಿನ ಪೊಳ್ಳು ಕಿರಿದಾಗುವುದು, ಬೇರಿನ ಹೊರಪದರ ದಪ್ಪವಾಗುವುದು, ಬೇರು ಕರಗುವುದು, ಬೇರಿನ ತುದಿ ಪಾರದರ್ಶಕವಾಗುವುದು: ಒಂದೊಂದಕ್ಕೂ 0ಯಿಂದ 3 ಅಂಕ. ಒಟ್ಟು ಅಂಕವನ್ನು 4.56ರಿಂದ ಗುಣಿಸಿ 11.43 ಕೂಡಿದರೆ ವಯಸ್ಸು. ಐದು ಅಂಕಕ್ಕೆ 34 ವರ್ಷ. ಫ್ಲೋರೈಡಿನ ಚಕ್ಕೆಯನ್ನು ಸವೆತವೆಂದು ಓದಿ ಒಂದಂಕ, ಕಡ್ಡಿಪುಡಿ ಹಾಕುವವನ ಹಾಳಾದ ವಸಡನ್ನು ಮುಪ್ಪೆಂದು ಓದಿ ಇನ್ನೊಂದಂಕ ಹೆಚ್ಚು ಕೊಟ್ಟರೆ ಅದೇ ಮನುಷ್ಯ 43ಕ್ಕೆ ಜಿಗಿಯುತ್ತಾನೆ. (ಮುದ್ದೆಯನ್ನು ಅಗಿಯದೆ ನುಂಗುವವರ ಸವೆತವನ್ನು ಸ್ವೀಡನ್ನಿನ ಲೆಕ್ಕ ಹೇಗೆ ಹಿಡಿಯುತ್ತದೋ!) ಫ್ರಾನ್ಸಿನ ಲಾಮೆಂಡಿನ್ 1992ರಲ್ಲಿ ಕೊಟ್ಟ ಸೂತ್ರಕ್ಕೆ ಹಲ್ಲು ಕೊಯ್ಯುವುದೂ ಬೇಡ, ಬೆಳಕಿಗೆ ಹಿಡಿದು ಅಳೆದರೆ ಸಾಕು. ಆದರೆ ಅದರ ಲೆಕ್ಕ ಶುರುವಾಗುವುದೇ 25.53ರಿಂದ, ಇಪ್ಪತ್ತರ ಹುಡುಗನ ಹಲ್ಲಿಟ್ಟರೂ ಅದಕ್ಕಿಂತ ಕಡಿಮೆ ಬಾರದು.

ನಾರ್ವೆಯ ಇಂಥದೇ ಸೂತ್ರವನ್ನು ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನ ಸಂಶೋಧಕರು ಭಾರತೀಯರ ಹಲ್ಲಿನ ಮೇಲೆ ಒರೆಗೆ ಹಚ್ಚಿ, ನಮ್ಮವರಿಗೆ ಬೇರೆ ಸೂತ್ರ ಕಟ್ಟಿದ್ದಾರೆ. ಬಯಲುಸೀಮೆಯ ಫ್ಲೋರೈಡ್ ಹಲ್ಲಿಗೂ ಅಂಥದೊಂದು ಪರೀಕ್ಷೆ ಆಗಬೇಕು. ಸಾಮಗ್ರಿಗೆ ಬರವಿಲ್ಲ. ಚಿಕಿತ್ಸೆಗೆಂದು ಕಿತ್ತ ಹಲ್ಲು ಆಸ್ಪತ್ರೆಯ ತ್ಯಾಜ್ಯದ ಬುಟ್ಟಿ ಸೇರುತ್ತಿದೆ. ರೋಗಿಯ ಒಪ್ಪಿಗೆ ಪಡೆದು ಊರು, ಕುಡಿದ ನೀರು, ವಯಸ್ಸು ಬರೆದಿಟ್ಟರಾಯಿತು. ವಯಸ್ಸೇ ಅಲ್ಲಿ ಫಜೀತಿ, ನಿಜ: ಮೇಷ್ಟ್ರು ದಾಖಲೆಯಲ್ಲಿ ಜೂನ್ 1ಕ್ಕೆ ಹುಟ್ಟಿಸಿದವರು ನಮ್ಮಲ್ಲಿ ಎಷ್ಟು ಜನ! ಜನನ ಪತ್ರ ಇರುವವರಿಂದಲೇ ಶುರು ಮಾಡಬೇಕಾದೀತು.

ಅಲ್ಲಿಯವರೆಗೆ ವರದಿಯಲ್ಲಿ ಒಂಟಿ ಸಂಖ್ಯೆಯ ಬದಲು ‘35ರಿಂದ 50’ ಎಂದು ಬರೆಯುವುದೇ ಪ್ರಾಮಾಣಿಕ. ಕಲೆಯನ್ನೂ ಬರೆಯಬೇಕು. ಬುದ್ಧಿಹಲ್ಲು ಬಿಟ್ಟರೆ ಉಳಿದವುಗಳ ಎನಾಮಲ್ ಎಂಟರ ಆಸುಪಾಸಿಗೆ ಕಟ್ಟಿ ಮುಗಿದಿರುತ್ತದೆ. ಹಾಗಾಗಿ ಕಲೆ ಹೇಳುವುದು ಬಾಲ್ಯದಲ್ಲಿ ಕುಡಿದ ನೀರಿನ ಕತೆ. ಮಾಲೂರಿನಿಂದ ರೈಲು ಹತ್ತಿ ಕೂಲಿಗೆ ಹೋದವನು ಬೆಂಗಳೂರಿನ ಶವಾಗಾರದಲ್ಲಿ ಹೆಸರಿಲ್ಲದೆ ಮಲಗಿದ್ದರೆ, ‘ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ’ ಎಂಬ ಸಾಲು ಕಂಡು ಅವನ ತಾಯಿ ಪುಟ ತಿರುವದೆ ನಿಂತಾಳು.