ಛಡಿಯ ಶಿಸ್ತು, ವಿದ್ಯೆಯ ಶಿಸ್ತು

ಸಂಸ್ಕೃತದಲ್ಲಿ ‘ಶಿಕ್ಷಾ’ ಎಂಬ ಶಬ್ದಕ್ಕೆ ಕಲಿಕೆಯೆಂಬದೇ ಮೂಲಾರ್ಥವು. ವೇದದ ಆರು ಅಂಗಗಳಲ್ಲೊಂದಕ್ಕೆ ಅದೇ ಹೆಸರು. ಆ ಶಬ್ದವೇ ಕನ್ನಡಿಗರ ಬಾಯಲ್ಲಿ ‘ಶಿಕ್ಷೆ’ಯಾಗಿ ದಂಡನೆಯೆಂಬ ಅರ್ಥವನ್ನು ತಾಳಿತು. ಕಲಿಸುವದಕ್ಕೂ ಹೊಡೆಯುವದಕ್ಕೂ ನಮ್ಮ ಮನಸ್ಸಿನಲ್ಲಿ ಎಂಥ ನಂಟು ಬೆಳೆದಿತ್ತೆಂಬದಕ್ಕೆ ಬೇರೆ ಸಾಕ್ಷಿ ಬೇಡ. ಹಿಂದಿನ ಕೂಲಿಮಠಗಳಲ್ಲಿ ತಪ್ಪುಮಾಡಿದ ಹುಡುಗನನ್ನು ತೊಲೆಗೆ ಕಟ್ಟಿದ ಹಗ್ಗಕ್ಕೆ ಜೋತುಬೀಳಿಸುತ್ತಿದ್ದರು; ಅದಕ್ಕೆ ಕೋದಂಡವೆಂದು ಹೆಸರು. ಕೋದಂಡವು ಹೋಯಿತು; ಛಡಿಯು ಉಳಿಯಿತು. ಛಡಿಯು ಹೋದೆಡೆಯಲ್ಲಿಯೂ ಬೈಗಳವು ಉಳಿಯಿತು.

ಕಾಯಿದೆಯ ಮಟ್ಟಿಗೆ ಹೇಳುವದಾದರೆ ಈ ಪ್ರಶ್ನೆಯು ಇತ್ಯರ್ಥವಾಗಿದೆ. 2000ನೆಯ ಇಸವಿಯ ಡಿಸೆಂಬರದಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಅಲ್ಲಿಯ ಶಾಲಾ ನಿಯಮಗಳಲ್ಲಿದ್ದ ದೇಹದಂಡನೆಯ ಅವಕಾಶವನ್ನು ರದ್ದುಮಾಡಿತು. 2010ರ ಏಪ್ರಿಲ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ದೇಹದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೇ ನಿಷೇಧಿಸಿತು. ಅದಕ್ಕೆ ಮೂರು ವರ್ಷ ಮುಂಚೆ, 2007ರಲ್ಲಿ, ಕೇಂದ್ರ ಸರಕಾರವು 13 ರಾಜ್ಯಗಳಲ್ಲಿ ನಡೆಯಿಸಿದ ವಿಚಾರಣೆಯ ವರದಿಯು ಪ್ರಕಟವಾಗಿತ್ತು. ಶಾಲೆಗೆ ಹೋಗುವ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರು ತಾವು ಪೆಟ್ಟು ತಿಂದುದಾಗಿ ಅದರಲ್ಲಿ ಹೇಳಿದ್ದರು. ಆದರೆ ಕಾಯಿದೆಯು ಕೈಯನ್ನು ಹಿಡಿಯಬಲ್ಲದೇ ಹೊರತು ಮನಸ್ಸನ್ನು ತಿದ್ದಲಾರದು. ‘ಹೊಡೆಯಬಾರದೆಂದರೆ ಹುಡುಗರನ್ನು ಹಿಡಿಯುವದು ಹೇಗೆ?’ ಎಂದು ಕೇಳುವ ಶಿಕ್ಷಕರೂ, ‘ನಾಲ್ಕು ಏಟು ಹಾಕಿಯಾದರೂ ಬುದ್ಧಿ ಕಲಿಸಿರಿ’ ಎಂದು ಮಗನನ್ನು ಒಪ್ಪಿಸುವ ಪಾಲಕರೂ ಇಂದಿಗೂ ಇದ್ದಾರೆ. ಅವರಿಗೆ ಕಲಮಿನ ಅಂಕಿಯನ್ನು ತೋರಿಸಿದರೆ ಸಾಲದು, ಕಾರಣವನ್ನು ಹೇಳಬೇಕು.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬ ಗಾದೆಯನ್ನು ಛಡಿಯ ಪಕ್ಷಪಾತಿಗಳು ಮುಂದೊಡ್ಡುವರು. ಗಾದೆಯು ಸತ್ಯವೇ. ಆದರೆ ಗಿಡವನ್ನು ಬಗ್ಗಿಸುವ ತೋಟಿಗನು ಅದಕ್ಕೆ ಆಸರೆಯ ಕೋಲನ್ನು ನೆಡುವನಲ್ಲದೆ ಆ ಕೋಲಿನಿಂದ ಗಿಡವನ್ನು ಬಡಿಯುವದಿಲ್ಲ. ‘ನಾವೂ ಪೆಟ್ಟು ತಿಂದೇ ಕಲಿತೆವು’ ಎಂಬದು ಇನ್ನೊಂದು ವಾದವು. ಪೆಟ್ಟು ತಿಂದೂ ಕಲಿತವರು ಸಭೆಯಲ್ಲಿ ಎದ್ದು ನಿಂತು ಹೀಗೆ ಹೇಳುವರು. ಪೆಟ್ಟಿಗೆ ಅಂಜಿ ಶಾಲೆಯನ್ನೇ ಬಿಟ್ಟವರು ತಮ್ಮ ಮಾತನ್ನು ಹೇಳಲು ಆ ಸಭೆಗೆ ಬರುವದಿಲ್ಲ.

ಅಂಜಿಕೆಯು ವಿದ್ಯೆಗೆ ಮಾಡುವ ಕೇಡನ್ನು ಒಂದು ಲೆಕ್ಕದಿಂದಲೇ ನೋಡೋಣ. 52ರಲ್ಲಿ 38 ಕಳೆಯೆಂದರೆ ಒಬ್ಬ ಹುಡುಗನು ಪಾಟಿಯ ಮೇಲೆ 26 ಎಂದು ಬರೆಯುವನು. ಇದು ಸೋಮಾರಿತನವಲ್ಲ. ಎಂಟರಲ್ಲಿ ಎರಡು ಕಳೆದು ಆರು, ಐದರಲ್ಲಿ ಮೂರು ಕಳೆದು ಎರಡು, ಹೀಗೆ ಪ್ರತಿ ಸ್ಥಾನದಲ್ಲಿಯೂ ದೊಡ್ಡದರಿಂದ ಚಿಕ್ಕದನ್ನೇ ಕಳೆಯಬೇಕೆಂದು ಅವನು ತಿಳಿದಿದ್ದಾನೆ. ದಶಕವನ್ನು ಬಿಡಿಸಿಕೊಳ್ಳುವದು ಅವನಿಗೆ ಹೊಳೆದಿಲ್ಲ. ಆ ತಪ್ಪು ಉತ್ತರವೇ ಶಿಕ್ಷಕನಿಗೆ ದೀಪವು. ಎಲ್ಲಿ ಕಲಿಸಬೇಕೆಂಬದನ್ನು ಅದು ತೋರಿಸುವದು. ಹುಡುಗನಿಗೆ ಏಟು ಬಿದ್ದಿತೆನ್ನಿರಿ. ಮರುದಿನ ಅವನು ಪಕ್ಕದವನ ಪಾಟಿಯನ್ನು ನೋಡಿ 14 ಎಂದು ಬರೆಯುವನು. ಉತ್ತರವು ಸರಿಯಾಯಿತು, ದೀಪವು ಆರಿತು. ಅಂಜಿದ ವರ್ಗದಲ್ಲಿ ತಪ್ಪುಗಳು ಅಡಗಿಕೊಳ್ಳುತ್ತವೆ, ಪ್ರಶ್ನೆಗಳು ಹುಟ್ಟುವದಿಲ್ಲ. ಅಲ್ಲಿಯ ಮೌನವನ್ನು ನಾವು ಶಿಸ್ತೆಂದು ಕರೆದು ಮೋಸಹೋಗುತ್ತೇವೆ. ಮಾಸ್ತರರು ಹೊರಗೆ ಹೋದೊಡನೆ ಏಳುವ ಗದ್ದಲವೇ ಅದರ ನಿಜವಾದ ಬೆಲೆಯನ್ನು ಸಾರುವದು.

ಗದರಿಕೆಯಾದರೂ ಫಲಿಸುವದೇ? 1968ರಲ್ಲಿ ಅಮೇರಿಕೆಯ ಸಂಶೋಧಕರು ಒಂದನೆಯ ಇಯತ್ತೆಯ ವರ್ಗವೊಂದರಲ್ಲಿ ಪರೀಕ್ಷೆಮಾಡಿ ನೋಡಿದರು. ‘ಕೂತುಕೊಳ್ಳಿರಿ’ ಎಂಬ ಆಜ್ಞೆಯು ಹೆಚ್ಚಿದಷ್ಟೂ ಎದ್ದು ನಿಲ್ಲುವ ಮಕ್ಕಳು ಹೆಚ್ಚಾದರು. ಕೂತು ಕೆಲಸಮಾಡುತ್ತಿದ್ದವರನ್ನು ಹೊಗಳಿದಾಗ ಏಳುವವರು ಕಡಿಮೆಯಾದರು. ಎದ್ದವನಿಗೆ ಮಾಸ್ತರರ ದೃಷ್ಟಿಯು ದೊರೆಯುವದು, ಕೂತವನಿಗೆ ಏನೂ ದೊರೆಯದು ಎಂಬದನ್ನು ಮಗುವು ಬೇಗನೆ ಅರಿಯುವದು. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ, ನಿಯಮಗಳನ್ನು ಬರೆದು ಹೇಳಿದ್ದರಿಂದಷ್ಟೇ ಹೆಚ್ಚು ಪ್ರಯೋಜನವಾಗಲಿಲ್ಲ. ಸಣ್ಣ ತಂಟೆಯನ್ನು ಲಕ್ಷಿಸದೆ ಒಳ್ಳೆಯ ನಡತೆಯನ್ನು ಮೆಚ್ಚಿದಾಗಲೇ ವರ್ಗವು ಸುಧಾರಿಸಿತು.

ಪರದೇಶದ ಮಾತು ನಮಗೇಕೆಂದು ಕೇಳುವವರು ನಮ್ಮ ಹೆಗ್ಗಡದೇವನಕೋಟೆಯನ್ನು ನೋಡಬೇಕು. 1995ರಲ್ಲಿ ಆ ತಾಲೂಕಿನಲ್ಲಿ ಮೊಳೆತ ‘ನಲಿ-ಕಲಿ’ ಪದ್ಧತಿಯು ಮುಂದೆ ನಾಡಿನ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ಇಯತ್ತೆಗಳಿಗೆಲ್ಲ ಹಬ್ಬಿತು. ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂತು, ಕಾರ್ಡುಗಳನ್ನು ತಾವೇ ತೆಗೆದುಕೊಂಡು, ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರುವರು. ಅದರ ಕೊರತೆಗಳ ಚರ್ಚೆಯು ಬೇರೆ. ಕೈಗೆ ಕೆಲಸವೂ ಆ ಕೆಲಸವು ತನ್ನಿಂದಾದೀತೆಂಬ ಭರವಸೆಯೂ ಇರುವ ಮಗುವು ತಂಟೆಗೆ ಹೊತ್ತನ್ನು ಹುಡುಕುವದಿಲ್ಲವೆಂಬ ತತ್ವವಾದರೋ ಅದರಲ್ಲಿ ಸ್ಪಷ್ಟವಾಗಿದೆ.

ಹೊಡೆತವು ಒಮ್ಮೊಮ್ಮೆ ಫಲಿಸುವದಲ್ಲವೇ ಎಂಬ ಕೊನೆಯ ಸಂದೇಹಕ್ಕೆ ಗಾಂಧೀಜಿಯವರ ಅನುಭವವೇ ಉತ್ತರವು. ದಕ್ಷಿಣ ಆಫ್ರಿಕೆಯ ಟಾಲ್‌ಸ್ಟಾಯ್ ಆಶ್ರಮದಲ್ಲಿ ತುಂಟನಾದ ಹದಿನೇಳು ವರ್ಷದ ವಿದ್ಯಾರ್ಥಿಯೊಬ್ಬನ ತೋಳಿಗೆ ಅವರು ಒಮ್ಮೆ ರೂಲಿನಿಂದ ಹೊಡೆದರು. ಹೊಡೆಯುವಾಗ ಅವರೇ ನಡುಗಿದರು. ಹುಡುಗನು ಅತ್ತು ಕ್ಷಮೆ ಬೇಡಿದನು. ಮುಂದೆ ಎಂದೂ ಆಜ್ಞೆಯನ್ನು ಮೀರಲಿಲ್ಲ. ಹೀಗೆ ಫಲಿಸಿದ ಆ ಏಟಿಗಾಗಿಯೇ ಅವರು ತಮ್ಮ ಆತ್ಮಕಥೆಯಲ್ಲಿ ಪಶ್ಚಾತ್ತಾಪಪಟ್ಟಿದ್ದಾರೆ. ತಾನು ಅವನಿಗೆ ತೋರಿಸಿದ್ದು ತನ್ನೊಳಗಿನ ಪಶುವನ್ನೇ ಎಂಬ ಅಂಜಿಕೆಯು ಅವರನ್ನು ಬಿಡಲಿಲ್ಲ.

ಇನ್ನೊಂದು ದಂಡನೆಯ ಮಾತನ್ನು ಈ ಪತ್ರಿಕೆಯು ಹೇಳದೆ ಇರಲಾರದು. ಶಾಲೆಯ ಅಂಗಳದಲ್ಲಿ ಕನ್ನಡ ಮಾತಾಡಿದ ಮಗುವಿನಿಂದ ದಂಡವನ್ನು ವಸೂಲುಮಾಡುವ ಪದ್ಧತಿಯು ಕೆಲವು ಆಂಗ್ಲ ಮಾಧ್ಯಮದ ಶಾಲೆಗಳಲ್ಲಿ ‘ಶಿಸ್ತು’ ಎಂಬ ಹೆಸರಿನಿಂದ ನಡೆಯುತ್ತ ಬಂದಿದೆ. ಹರಿದು ಹಂಚಿಹೋಗಿದ್ದ ನಾಡು 1956ರ ನವಂಬರ 1ರಂದು ಒಂದಾದದ್ದು ತಾಯ ಮಾತನ್ನು ಅಪರಾಧವೆನಿಸುವದಕ್ಕಾಗಿ ಅಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿಸಲಿ, ಬೇಡವೆನ್ನುವವರಾರು? ಆದರೆ ಮನೆಯ ನುಡಿಗೆ ನಾಚುವದನ್ನು ಕಲಿತ ಮಗುವು ಎರಡು ನುಡಿಗಳಲ್ಲಿಯೂ ಬಾಯಿ ಕಟ್ಟಿಕೊಳ್ಳುವದು.

ಹಾಗಾದರೆ ಮಾಡತಕ್ಕದ್ದೇನು? ನಿಯಮಗಳು ನಾಲ್ಕೈದೇ ಇರಲಿ. ವರ್ಷಾರಂಭದಲ್ಲಿ ಮಕ್ಕಳೊಡನೆ ಕೂತು ಅವುಗಳನ್ನು ಗೊತ್ತುಮಾಡಲಿ. ಗೌಡರ ಮಗನಿಗೂ ಕೂಲಿಕಾರನ ಮಗನಿಗೂ ಅವು ಒಂದೇ ಆಗಿರಲಿ. ತಪ್ಪಿಗೆ ತಕ್ಕ ಪರಿಹಾರವಿರಲಿ: ಗೋಡೆಯನ್ನು ಕೆಡಿಸಿದವನು ಗೋಡೆಯನ್ನು ತೊಳೆಯಲಿ, ಜಗಳವಾಡಿದವರು ಇಬ್ಬರೂ ಕೂತು ಬಗೆಹರಿಸಿಕೊಳ್ಳಲಿ. ಬುದ್ಧಿವಾದವನ್ನು ಏಕಾಂತದಲ್ಲಿಯೂ ಮೆಚ್ಚುಗೆಯನ್ನು ಎಲ್ಲರೆದುರಿಗೂ ಹೇಳಲಿ. ಪದೇ ಪದೇ ತಪ್ಪುವ ಹುಡುಗನ ಮನೆಗೆ ಮಾಸ್ತರರು ಒಮ್ಮೆ ಹೋಗಿಬರಲಿ. ಅವನ ತಂಟೆಯ ಕಾರಣವು ಹಲವು ಸಲ ಹಸಿವೋ ನಿದ್ದೆಗೇಡೋ ಕಾಣದ ಕಣ್ಣೋ ಆಗಿರುವದು.

ಸರಕಾರವೂ ಸಮಾಜವೂ ತಮ್ಮ ಪಾಲನ್ನು ಮರೆಯಬಾರದು. ಕೆಳಗಿನ ಇಯತ್ತೆಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕನಿರಬೇಕೆಂದು ಆ ಕಾಯಿದೆಯೇ ಹೇಳುವದು. ಒಬ್ಬನಿಗೆ ಮೂರು ವರ್ಗಗಳನ್ನು ಒಪ್ಪಿಸಿ, ಮೇಲೆ ಕಚೇರಿಯ ಕಾಗದಗಳನ್ನೂ ಹೊರಿಸಿ, ಅವನ ತಾಳ್ಮೆಯನ್ನು ಪರೀಕ್ಷಿಸುವದು ನ್ಯಾಯವಲ್ಲ. ಛಡಿಯನ್ನು ಕಸಿದುಕೊಂಡವರು ಅವನ ಕೈಗೆ ಬೇರೊಂದು ಸಾಧನವನ್ನು ಕೊಡಬೇಕಾಗಿತ್ತು. ತರಬೇತಿಯ ಶಾಲೆಗಳು ಅದನ್ನು ಇನ್ನಾದರೂ ಕೊಡಲಿ.

ಶಿಕ್ಷಕ ಬಂಧುಗಳೇ, ನಾಳೆಯ ಪ್ರಜೆಗಳು ಇಂದು ನಿಮ್ಮೆದುರಿಗೆ ಕೂತಿದ್ದಾರೆ. ಅಂಜಿ ವಿಧೇಯರಾಗುವದನ್ನು ಕಲಿತವರು ಬೆಳೆದ ಮೇಲೆ ಬಲವಂತರೆದುರಿಗೆ ಬಾಗುವರು, ಬಲಹೀನರನ್ನು ಬಾಗಿಸುವರು. ಅರಿತು ನಡೆಯುವದನ್ನು ಕಲಿತವರು ಕಾವಲಿಲ್ಲದೆಡೆಯಲ್ಲಿಯೂ ಸರಿಯಾಗಿ ನಡೆಯುವರು. ‘ಶಿಕ್ಷೆ’ ಎಂಬ ಶಬ್ದಕ್ಕೆ ಅದರ ಹಳೆಯ ಅರ್ಥವನ್ನು ಮರಳಿ ಕೊಡಿಸುವ ಕೆಲಸವು ನಿಘಂಟುಕಾರರದಲ್ಲ, ನಿಮ್ಮದು.