ಉಂಡು, ಮಾತಾಡಿ ಬರೆಯಿರಿ

ಕೋಲಾರ ಸೀಮೆಯ ಪ್ರವಾಸ ಬರಹಗಳು ನಮಗೆ ಆಗಾಗ ಬರುತ್ತವೆ. ಆವನಿ, ಕುರುಡುಮಲೆ, ಅಂತರಗಂಗೆ, ಕೊನೆಗೊಂದು ಮುಳಬಾಗಿಲು ದೋಸೆ. ತುಪ್ಪದಲ್ಲಿ ಕೆಂಪಗೆ ಬೆಂದ ತಳ, ಮೆತ್ತನೆಯ ಒಡಲು, ಪಲ್ಯ, ಚಟ್ನಿ ಎಲ್ಲವೂ ಇರುತ್ತವೆ. ಹುಯ್ದುಕೊಟ್ಟವರು, ಪಕ್ಕದಲ್ಲಿ ಕೂತು ತಿಂದವರು ಮಾತ್ರ ಇರುವುದಿಲ್ಲ. ತಿರುಪತಿಯ ದಾರಿಯಲ್ಲಿ ಹತ್ತು ನಿಮಿಷ ಗಾಡಿ ನಿಲ್ಲಿಸಿದವರಿಗೆ ಅವರು ಸಿಗುವುದಾದರೂ ಹೇಗೆ?

ಕೂತರೆ ಸಿಗುತ್ತಾರೆ. ‘ನಿಮ್ ಕಡೆ ಮಳೆ ಹೆಂಗೆ?’ ಎಂದರೆ ಸಾಕು. ಕೋಲಾರದ ಎಪಿಎಂಸಿ ಬಳಿ ಟೀ ಕುಡಿಯುತ್ತಾ ಟೊಮೆಟೊ ರೇಟಿನಿಂದ ಶುರುವಾದ ಮಾತು ಬೋರ್‌ವೆಲ್ಲಿಗೆ, ಸಾಲಕ್ಕೆ, ಮಕ್ಕಳ ಓದಿಗೆ ಹರಿಯುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದ ಖುಷಿ, ಮೂರನೇ ಹಂತದ ಶುದ್ಧೀಕರಣವಿಲ್ಲವೆಂಬ ಸಿಟ್ಟು ಎರಡೂ ಒಂದೇ ಬೆಂಚಿನ ಮೇಲೆ ಕೇಳಿಸುತ್ತವೆ. ಬೆಂಗಳೂರಿಗರು ಇದನ್ನು ಕೇಳಲೇಬೇಕು. ಅದು ನಮ್ಮ ಬಚ್ಚಲಿನ ನೀರು. ಶ್ರೀನಿವಾಸಪುರದಲ್ಲಾದರೆ ಮಾವಿನ ಮಾತು. 2025ರ ಜೂನ್‌ನಲ್ಲಿ ನಮ್ಮ ತೋತಾಪುರಿಯನ್ನು ಚಿತ್ತೂರು ಜಿಲ್ಲೆ ಗಡಿಯಲ್ಲೇ ತಡೆದದ್ದನ್ನು ಬೆಳೆಗಾರರ ಬಾಯಲ್ಲೇ ಕೇಳಬೇಕು. ಆ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿದರೆ ಗಾಬರಿಯಾಗಬೇಡಿ, ಇಲ್ಲಿ ಎರಡೂ ಮನೆಮಾತೇ.

ಹೋಗುವುದಾದರೆ ಅವರೆಕಾಯಿ ಕಾಲದಲ್ಲಿ ಹೋಗಿ ಎನ್ನುತ್ತೇನೆ. ನೆನೆಸಿದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲುಳಿಯುತ್ತದೆ. ಮನೆಮಂದಿಗೆಲ್ಲ ಆಗುವಷ್ಟು ಹಿದುಕುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಬಂದವರ ಮುಂದೂ ನಾಲ್ಕು ಹಿಡಿ ಕಾಳು ಬೀಳುತ್ತದೆ. ಕೈಗೆ ಕೆಲಸವಿದ್ದಾಗ ಹೊಸಬರೊಡನೆ ಮಾತಾಡುವ ಸಂಕೋಚ ತಾನಾಗಿ ಕಳೆಯುತ್ತದೆ. ಮುದ್ದೆ, ಹಿದುಕಿದ ಬೇಳೆ ಸಾರು ಮುಂದೆ ಬರುವ ಹೊತ್ತಿಗೆ ನಿಮ್ಮ ಊರು, ಕೆಲಸ, ಸಂಬಳವೆಲ್ಲ ಅವರಿಗೆ ಗೊತ್ತಾಗಿರುತ್ತದೆ. ಬೇಸರ ಬೇಡ. ಅಷ್ಟೇ ಧಾರಾಳವಾಗಿ ಅವರೂ ತಮ್ಮದನ್ನು ಹೇಳಿಕೊಂಡಿರುತ್ತಾರೆ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಎಷ್ಟೋ ಕತೆಗಳು ಯಾರೋ ಕೂತು ಇನ್ಯಾರಿಗೋ ಹೇಳಿದ ಮಾತಿನಂತೆ ತೆರೆದುಕೊಳ್ಳುವುದು ನನಗೆ ಆಕಸ್ಮಿಕವೆನ್ನಿಸುವುದಿಲ್ಲ.

ಇನ್ನೊಂದು ಕೋರಿಕೆ. ಊಟಕ್ಕೆ ಯಾರನ್ನು ನಡುಮನೆಗೆ ಕರೆದರು, ಯಾರನ್ನು ಜಗುಲಿಯಲ್ಲೇ ಕೂರಿಸಿದರು ಎಂಬುದನ್ನೂ ಕಣ್ಣಿಟ್ಟು ನೋಡಿ, ಬರೆಯಿರಿ. ದಲಿತ ಚಳವಳಿಗೆ ಹಾಡು ಕೊಟ್ಟ ಜಿಲ್ಲೆಯಿದು. ಆತಿಥ್ಯವನ್ನು ಬಾಯ್ತುಂಬ ಹೊಗಳಿ ಇದನ್ನು ಬಿಟ್ಟುಬಂದ ಬರಹವನ್ನು ನಾವು ಲೇಖಕರಿಗೆ ಹಿಂದಿರುಗಿಸಿ, ಮತ್ತೊಮ್ಮೆ ಹೋಗಿಬನ್ನಿ ಎಂದು ಕೇಳಿಕೊಳ್ಳುತ್ತೇವೆ.