ನಿಧಿಯಲ್ಲ, ಸಮಾಧಿ: ಜೆಸಿಬಿ ಹಚ್ಚುವ ಮೊದಲು
ಹಾಲಾಡಿ: ಹಕ್ಕಲು ತಟ್ಟು ಮಾಡುವಾಗ ನಾಲ್ಕು ಬದಿ ಚಪ್ಪಡಿ, ಮೇಲೊಂದು ಮುಚ್ಚುಗಲ್ಲು ಕಂಡರೆ ಪೇಟೆಯಲ್ಲಿ ಮೊದಲು ಹಬ್ಬುವ ಮಾತು 'ನಿಧಿ ಉಂಟಂತೆ'. ಬೃಹತ್ ಶಿಲಾಯುಗದ ಸಮಾಧಿಗಳನ್ನು ಹಾಳು ಮಾಡಿದ್ದೇ ಈ ಮಾತು.

ಮೂಡುಬಿದಿರೆ ಹತ್ತಿರದ ಮೂಡು ಕೊಣಾಜೆಯನ್ನೇ ನೋಡಿ. ಅಲ್ಲಿನ ಒಂಬತ್ತು ಕಲ್ಮನೆ ಸಮಾಧಿಗಳಲ್ಲಿ ಸರಿಯಾಗಿ ಉಳಿದದ್ದು ಎರಡೇ. ಶಿರ್ವದ ಎಂಎಸ್‌ಆರ್‌ಎಸ್ ಕಾಲೇಜಿನಲ್ಲಿದ್ದ ಪ್ರೊ. ಟಿ. ಮುರುಗೇಶಿ ಅವರಿಗೆ ಅಲ್ಲಿ ಸಿಕ್ಕಿದ್ದು ಚಿನ್ನವಲ್ಲ, ಸುಟ್ಟ ಮಣ್ಣಿನ ಗೂಳಿ, ನವಿಲು, ಕುದುರೆ, ಮಾತೃದೇವತೆ. ಅವರ ಅಂದಾಜಿನಂತೆ ಕ್ರಿ.ಪೂ. 800-700ರ ಕಾಲದವು. ಮಾರಲು ಹೋದ್ರೆ ಕಾಸು ಹುಟ್ಟದು, ಕರಾವಳಿಯ ಚರಿತ್ರೆಗೆ ಮಾತ್ರ ಬೆಲೆ ಕಟ್ಟಲಾಗದ್ದು.

ನಮ್ಮ ಮಳೆಗೆ, ಮುರಕಲ್ಲಿನ ಮಣ್ಣಿಗೆ ಎಲುಬು ಉಳಿಯುವುದು ಕಷ್ಟ. ಹಾಗಾಗಿ ಯಾವ ಮಡಕೆ ಎಲ್ಲಿತ್ತು, ಕಬ್ಬಿಣ ಯಾವ ಪದರದಲ್ಲಿತ್ತು ಎಂಬುದೇ ಸಾಕ್ಷಿ. 1947ರಲ್ಲಿ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಪದರ ಪದರವಾಗಿ ಅಗೆಸಿದ್ದು ಇದಕ್ಕೇ. ಜೆಸಿಬಿ ಒಮ್ಮೆ ಕೆರೆದರೆ ಚೂರು ಸಿಕ್ಕೀತು, ಕಾಲ ಸಿಕ್ಕದು.

'ಹೇಳಿದ್ರೆ ಜಾಗ ಹೋಗ್ತದೆ' ಎಂಬ ಹೆದರಿಕೆ ರೈತರದ್ದು. ಸಂರಕ್ಷಿತ ಎಂದು ಘೋಷಿಸುವ ಮೊದಲು ಸರ್ಕಾರ ಆಕ್ಷೇಪಣೆಗೆ ಅವಕಾಶ ಕೊಡಲೇಬೇಕು. ಇನ್ನು ನಿಜಕ್ಕೂ ನಿಧಿಯೇ ಸಿಕ್ಕಿದರೆ, 1962ರ ಕರ್ನಾಟಕ ನಿಧಿ ನಿಕ್ಷೇಪ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಮುಚ್ಚಿಟ್ಟರೆ ಶಿಕ್ಷೆ ಉಂಟು.

ಆದರೆ ಉತ್ಖನನಕ್ಕೆ ಜಾಗ ಬಿಟ್ಟು ಅಡಿಕೆ ಸಸಿ ನೆಡುವ ಹಂಗಾಮು ತಪ್ಪಿದರೆ ಗತಿ ಏನು? ಇದನ್ನು ಗ್ರಾಮಸಭೆಯಲ್ಲಿ ಅಧಿಕಾರಿಗಳು ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ರೆ ಚಪ್ಪಡಿಗಳು ರಾತ್ರಿ ಬೆಳಗಾಗುವುದರೊಳಗೆ ಯಾರದ್ದೋ ಪಾಗಾರ ಸೇರುತ್ತವೆ.